ನಿನ್ನ ವಾರ್ಡಿಗೆ ಈಗ ನಾಲ್ವರು

ಮನೆಯಿಂದ, ಮಾರ್ಚ್ ಒಂಬತ್ತು

ಪ್ರೀತಿಯ ದೊಡ್ಡವಳೇ,

ಹೇಗಿದ್ದೀಯಾ? ಕೆಮ್ಮು ಬಿಟ್ಟಿತೇ? ಕೂದಲು ಕತ್ತರಿಸಿಕೊಂಡೆ, ಇಲ್ಲಿ ಯಾರಿಗೂ ನನ್ನ ಗುರುತು ಸಿಗುವುದಿಲ್ಲ ಎಂದು ನೀನು ಬರೆದಿದ್ದೆ. ಅಷ್ಟುದ್ದದ ಜಡೆ, ನಾನೇ ಎಣ್ಣೆ ಹಚ್ಚಿ ಬೆಳೆಸಿದ್ದು. ಹೋಗಲಿ, ತಲೆ ಉಳಿಯಿತಲ್ಲ. ಅಪ್ಪ ಚೆನ್ನಾಗಿದ್ದಾರೆ. ಕಲ್ಲು ಬಿದ್ದ ಕಿಟಕಿಗೆ ರಟ್ಟು ಅಂಟಿಸಿದ್ದಾರೆ, ಗಾಜು ಹಾಕಿಸಲು ಇನ್ನೂ ಧೈರ್ಯವಿಲ್ಲ. ಕೆಳಮನೆಯ ಟೈಲರಮ್ಮ ಈಗ ನನ್ನನ್ನು ಕಂಡರೆ ನಗುತ್ತಾಳೆ. ಅವಳ ತಾಯಿ ಹಾಸಿಗೆ ಹಿಡಿದಾಗ ಬೆನ್ನಿನ ಹುಣ್ಣು ತೊಳೆದವಳು ನೀನು. ನಿನ್ನ ವಿಡಿಯೋ ಹರಿದಾಡಿದ ದಿನ ಆಸ್ಪತ್ರೆಯ ಗೇಟಿನಲ್ಲಿ "ಆ ರಾಕ್ಷಸೀನ ಹೊರಗೆ ಹಾಕಿ" ಎಂದು ಗಂಟಲು ಹರಿಯುವಂತೆ ಕೂಗಿದವಳು ಅವಳು. ಮಹಾತಾಯಿ, ಮಾರನೆಯ ದಿನ ಗಂಟಲು ನೋವಿನ ಮಾತ್ರೆಗೆ ನಮ್ಮ ಮನೆಗೇ ಬಂದಳು. ಕೊಟ್ಟು ಕಳಿಸಿದೆ.

ಅಪ್ಪನ ಬಿಪಿ ಮಾತ್ರೆಗೆಂದು ಆಸ್ಪತ್ರೆಗೆ ಹೋದವಳು, ಮುಖಕ್ಕೆ ಮಾಸ್ಕ್ ಏರಿಸಿಕೊಂಡು ನಿನ್ನ ವಾರ್ಡಿಗೂ ಇಣುಕಿ ಬಂದೆ. ನಲವತ್ತು ಮಂಚಕ್ಕೆ ನೀನೊಬ್ಬಳೇ ಓಡಾಡುತ್ತಿದ್ದ ಕಡೆ ಈಗ ನಾಲ್ವರು ನರ್ಸುಗಳು. ಮಂಚಗಳಿಗೆ ಕಂಬಿ, ಕರೆಗಂಟೆ, ನರ್ಸುಗಳಿಗೆ ಕೂರಲು ಕುರ್ಚಿ ಕೂಡ. ಇನ್ನೊಬ್ಬರನ್ನಾದರೂ ಕೊಡಿ ಎಂದು ನೀನು ಕೇಳಿದಾಗಲೆಲ್ಲ ದೊಡ್ಡ ಡಾಕ್ಟರು "ನೋಡೋಣಮ್ಮ" ಎನ್ನುತ್ತಿದ್ದರಲ್ಲ, ಅವರೇ ರಿಬ್ಬನ್ ಕತ್ತರಿಸಿದರಂತೆ. ನಿನ್ನ ಬಾಯಿಂದ ಆಗದ್ದು ನಿನ್ನ ಕೈಯಿಂದ ಆಯಿತು ನೋಡು. ನಿನ್ನ ವಾರ್ಡಿನ ಆ ಮುದುಕನ ಕೆನ್ನೆಗೆ ನೀನು ಬಾರಿಸಿದ್ದು ತಪ್ಪೇ, ಹೆತ್ತವಳೆಂದು ಸುಳ್ಳು ಹೇಳಲಾರೆ. ಆದರೆ ಅವನು ನಿನ್ನ ಕೈ ಕಚ್ಚಿ ರಕ್ತ ಬರಿಸಿದ್ದು ವಿಡಿಯೋದಲ್ಲಿಲ್ಲ, ಏಟು ಮಾತ್ರ ಇದೆ. ಅದನ್ನು ತೆಗೆದ ಅವನ ಮಗ, ಅಪ್ಪನನ್ನು ನೋಡಲು ಅವತ್ತೇ ಮೊದಲ ಸಲ ಬಂದಿದ್ದವನು, ಈಗ ಆಸ್ಪತ್ರೆಯ ಉಸ್ತುವಾರಿ ಸಮಿತಿಯ ಸದಸ್ಯ. ಮುದುಕ ಮಾತ್ರ "ಹಳೇ ಹುಡುಗಿ ಎಲ್ರೀ, ನನ್ ಗಡ್ಡ ಅವಳೇ ತೆಗೀಬೇಕು" ಎಂದು ಪೀಡಿಸುತ್ತಾನಂತೆ. ನಾಲ್ವರೂ ನಗುತ್ತಾರಂತೆ.

ಹೊಟ್ಟೆ ಉರಿಯುತ್ತದೆ ಮಗಳೇ. ಊರಿನ ಸಿಟ್ಟು ಒಳ್ಳೆಯದನ್ನೇ ಮಾಡಿತು; ಮಾಡಲು ಅದಕ್ಕೊಂದು ತಲೆ ಬೇಕಿತ್ತು, ಸಿಕ್ಕಿದ್ದು ನಿನ್ನದು. ಶಾಪ ಹಾಕಬೇಕೆಂದೇ ಒಳಗೆ ಹೋಗಿದ್ದೆ. ಹಸನಾಗಿ ಮಲಗಿದ್ದ ಆ ರೋಗಿಗಳನ್ನು ನೋಡಿ ಬಾಯಿ ಬರಲಿಲ್ಲ, ಮಾತ್ರೆ ಇಸಿದುಕೊಂಡು ಬಂದೆ.

ಹೊತ್ತುಹೊತ್ತಿಗೆ ಉಣ್ಣು. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಮ್ಮ

ಮರೆತಿದ್ದೆ: ಮುಂದಿನ ತಿಂಗಳು ಬರುತ್ತೇನೆ ಎಂದಿದ್ದೆಯಲ್ಲ, ಬರಬೇಡ. ಆ ನಾಲ್ವರಲ್ಲಿ ಒಬ್ಬಳು ನಿನ್ನ ತಂಗಿ. ಸಂದರ್ಶನದಲ್ಲಿ "ನಿಮ್ಮಕ್ಕನ ಜೊತೆ ಸಂಬಂಧ ಇದೆಯಾ?" ಎಂದು ಕೇಳಿದರಂತೆ, "ಅವಳು ನಮ್ಮ ಪಾಲಿಗೆ ಸತ್ತುಹೋದಳು" ಎಂದಳಂತೆ. ಹಾಗೆನ್ನು ಎಂದು ಹೇಳಿಕೊಟ್ಟವಳು ನಾನೇ. ನೀನು ಬಾಗಿಲಲ್ಲಿ ಕಾಣಿಸಿಕೊಂಡರೆ ಅವಳ ಕೆಲಸ ಹೋಗುತ್ತದೆ. ನಿನ್ನ ಬಿಳಿ ಶೂ ಅವಳಿಗೆ ಸ್ವಲ್ಪ ಬಿಗಿ. ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ ಬಿಡಮ್ಮ ಅನ್ನುತ್ತಾಳೆ.