ಗ್ಯಾರೇಜಿನಲ್ಲಿ ಮತಗಟ್ಟೆ

ಅಪ್ಪನಿಗೆ ನಮಸ್ಕಾರ,

ನೀವು ನನ್ನ ಫೋನ್ ಎತ್ತುವುದಿಲ್ಲ, ಅದಕ್ಕೇ ಅಮ್ಮನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಪ್ರವಾಹ ಬಂದು ನಿಂತುಹೋಗಿದ್ದ ಮತದಾನ ಈ ಭಾನುವಾರ ನಡೆಯುತ್ತದೆ. ಶಾಲೆಯ ತುಂಬ ಇನ್ನೂ ಕೆಸರು. ಹಾಗಾಗಿ ನಮ್ಮ ಬೀದಿಯವರಿಗೆಲ್ಲ ಮತಗಟ್ಟೆ ಎಲ್ಲಿ ಗೊತ್ತೇ? ದಿಬ್ಬದ ಮೇಲಿನ ನನ್ನ ಗ್ಯಾರೇಜಿನಲ್ಲಿ!

"ಮಗಳು ಸ್ಪ್ಯಾನರ್ ಹಿಡಿಯೋ ಆ ಶೆಡ್ಡಿಗೆ ನಾನು ಕಾಲಿಡಲ್ಲ" ಅಂದವರು ನೀವು. ಮೈ ಸುಡುವ ಜ್ವರ ಇದ್ದಾಗಲೂ ಮತ ಹಾಕುವುದನ್ನು ತಪ್ಪಿಸದವರೂ ನೀವೇ. "ನೋಡೋಣ, ಈಗೇನು ಮಾಡ್ತಾರೆ ನಿಮ್ಮಪ್ಪ" ಅಂತ ಅಮ್ಮ ನಗುತ್ತಿದ್ದಾಳೆ.

ಬೆಳಗಿನಿಂದ ನೆಲ ಉಜ್ಜಿ ಉಜ್ಜಿ ಕೈ ಸೋತುಹೋಗಿದೆ. ರಿಪೇರಿಗೆ ಬಂದ ಬೈಕುಗಳನ್ನೆಲ್ಲ ಹಿತ್ತಲಿಗೆ ತಳ್ಳಿದ್ದೇನೆ. ಮತಯಂತ್ರ ಇಡಲು ನನ್ನ ಕೆಲಸದ ಮೇಜೇ ಬೇಕಂತೆ, ಖುಷಿಯಿಂದ ಕೊಟ್ಟೆ. ಆದರೂ ನೀವು ಬಿಳಿ ಅಂಗಿ ಹಾಕಿಕೊಂಡು ಬರಬೇಡಿ, ಗ್ರೀಸಿನ ಕಲೆ ಹೋಗುವುದಿಲ್ಲ. ಬಾಗಿಲು ತಗ್ಗು, ತಲೆ ಜೋಪಾನ.

ಒಳಗೆ ಯಾರೂ ಮಾತಾಡುವಂತಿಲ್ಲ ಅಂತ ಅಧಿಕಾರಿ ಹೇಳಿದ್ದಾರೆ. ನಿಮಗೆ ಅದೇನೂ ಕಷ್ಟವಾಗಲಾರದು, ಎರಡು ವರ್ಷದಿಂದ ರೂಢಿಯಾಗಿದೆ. ನಾನು ಗೇಟಿನ ಬಳಿ ನಿಂತಿರುತ್ತೇನೆ. ಮತ ಹಾಕಿ ಹೊರಗೆ ಬಂದವರಿಗೆ ಆ ನಿಯಮ ಇಲ್ಲವಂತೆ, ಕೇಳಿಕೊಂಡಿದ್ದೇನೆ.

ಇಂತಿ,
ನಿಮ್ಮ ಮೆಕ್ಯಾನಿಕ್ ಮಗಳು