ಘಾಟಿಯ ಪೊದೆಗೆ ಕಟ್ಟಿದ ನೀಲಿ ಬಟ್ಟೆ

ಕಿಜಿಲ್-ಬೆಲ್, ನರಿನ್ ಸೀಮೆ
ನವೆಂಬರ್ ೪, ಬೆಳಗ್ಗೆ

ಸಗಿನ್ ಅಕ್ಕಾ,

ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಎರಡು ತಿಂಗಳಿಂದ ಒಂದಕ್ಷರ ಬರೆದಿಲ್ಲ, ಆಮೇಲೆ ಎಷ್ಟು ಬೇಕಾದರೂ ಬಯ್ಯಿ, ಮೊದಲು ಇದನ್ನು ಓದು. ನಿಮ್ಮ ಕಡೆ ಫೋನು ಸಿಗುವುದಿಲ್ಲವಲ್ಲ, ಲಾರಿ ಓಡಿಸುವ ಕುಬಾತ್ ಕೈಯಲ್ಲಿ ಕಳಿಸುತ್ತಿದ್ದೇನೆ.

ತಪ್ಪಿಸಿಕೊಂಡ ಕುದುರೆ ಹುಡುಕಲು ಹೋದ ನನ್ನ ಗಂಡ ತಶ್ತನ್ ನಾಲ್ಕು ದಿನವಾದರೂ ಮನೆಗೆ ಬಂದಿಲ್ಲ ಅಕ್ಕಾ. ಹೊಳೆಗುಂಟ ಹೋದನೋ, ಘಾಟಿ ಹತ್ತಿ ನಿಮ್ಮ ಕಡೆಗೆ ಇಳಿದನೋ ಯಾರಿಗೂ ಗೊತ್ತಿಲ್ಲ. ಊರಲ್ಲಿ ಇರುವವರು ಆರು ಜನ ಗಂಡಸರು. ಹಿಮ ಬೀಳುವ ಮೊದಲು ಒಂದು ಕಡೆ ಮಾತ್ರ ಹುಡುಕಬಹುದು. "ನೀನೇ ಮಾಡಿಟ್ಟ ಯಂತ್ರ ಇದೆಯಲ್ಲಮ್ಮಾ, ಅದನ್ನೇ ಕೇಳು," ಎಂದರು ಮಾವ.

ಕಾಡುಮೇಕೆ ಎಣಿಸಲೆಂದು ಘಾಟಿಯಲ್ಲಿ ನಾನು ಜೋಡಿಸಿದ್ದು ಅದು. ದಾರಿಗೆ ಅಡ್ಡವಾಗಿ ಕಣ್ಣಿಗೆ ಕಾಣದ ಬೆಳಕಿನ ಗೆರೆ. ಯಾರಾದರೂ ದಾಟಿದರೆ ಗೆರೆ ಕಡಿಯುತ್ತದೆ, ಅಂಗೈಯಗಲದ ಕಂಪ್ಯೂಟರಿಗೆ ಸುದ್ದಿ ಹೋಗುತ್ತದೆ, ಅದು ಕ್ಯಾಮೆರಾದಿಂದ ಫೋಟೋ ತೆಗೆಸಿ ಒಳಗಿನ ಕಾರ್ಡಿನಲ್ಲಿ ಇಡುತ್ತದೆ. ಎಷ್ಟು ಜಂಬ ಪಟ್ಟಿದ್ದೆ! ಅಲ್ಲೇ ದಾರಿ ಪಕ್ಕದಲ್ಲಿ ಹರಕೆ ಹೊತ್ತವರು ಬಟ್ಟೆಚೂರು ಕಟ್ಟುವ ಪೊದೆ ಇದೆಯಲ್ಲ, ಹರಕೆ ಬಟ್ಟೆಗಳನ್ನು ಅದರ ಹಿಂಬದಿಗೇ ಕಟ್ಟಿ, ಗೆರೆಗೆ ಅಡ್ಡ ಬರಬಾರದು ಎಂದು ಊರಿಗೆಲ್ಲ ಹೇಳಿದವಳೂ ನಾನೇ.

ಕಾರ್ಡ್ ತಂದು ನೋಡಿದರೆ ಹನ್ನೊಂದು ಸಾವಿರ ಚಿತ್ರ. ಎಲ್ಲದರಲ್ಲೂ ಗಾಳಿಗೆ ಹಾರುವ ಒಂದು ನೀಲಿ ಬಟ್ಟೆಚೂರು! ಅದು ಹಾರಿ ಹಾರಿ ಗೆರೆ ಕಡಿದು, ತಶ್ತನ್ ಹೊರಡುವ ಹಿಂದಿನ ದಿನವೇ ಕಾರ್ಡ್ ತುಂಬಿಹೋಗಿದೆ.

"ಯಾವ ಮನೆಹಾಳಿ ಕಟ್ಟಿದ್ಳೋ, ಅವಳ ಕೈ ಸೇದಿಹೋಗ!" ಎಂದು ಮಾವ ಕೂಗಾಡಿದರು. ಆಮೇಲೆ, "ಕುದುರೆ ನೀರಿನ ಕಡೆಗೇ ಹೋಗೋದು, ನಡೀರಿ" ಎಂದು ಎಲ್ಲರನ್ನೂ ಹೊಳೆಯ ಕಡೆಗೆ ಕರೆದುಕೊಂಡು ಹೋದರು.

ಘಾಟಿಯ ಕಡೆ ಹುಡುಕುವವರು ಇಲ್ಲಿ ಯಾರೂ ಉಳಿದಿಲ್ಲ. ನಿನ್ನ ಕಾಲಿಗೆ ಬೀಳುತ್ತೇನೆ, ಭಾವನನ್ನು ನಿಮ್ಮ ಕಡೆಯಿಂದ ಘಾಟಿ ಹತ್ತಿಸು. ಇವತ್ತೇ. ನಾಲ್ಕು ಜನರನ್ನು ಕರೆದುಕೊಂಡು, ಕಂಬಳಿ, ಬಿಸಿ ಚಹಾ ಹಿಡಿದು ಹೋಗಲಿ. "ಸಂಜೆಯೊಳಗೆ ಬರ್ತೀನಿ ಬಿಡೇ" ಅಂತ ಕುರಿಚರ್ಮದ ಕೋಟೂ ಹಾಕಿಕೊಳ್ಳದೆ ಹೋದ, ಅಕ್ಕಾ.

ನಿನ್ನ ಮಕ್ಕಳನ್ನು ದೇವರು ನೂರು ಕಾಲ ತಣ್ಣಗಿಟ್ಟಿರಲಿ.

ನಿನ್ನ ತಂಗಿ,
ಬುರುಲಾಯ್

ಮತ್ತೆ: ಆ ಬಟ್ಟೆ ನನ್ನ ತಲೆವಸ್ತ್ರದ್ದು. ಮದುವೆಯಾಗಿ ಆರು ವರ್ಷವಾಯಿತಲ್ಲ, ಒಂದು ಮಗುವಿಗಾಗಿ ಕಟ್ಟಿದೆ. ಹಿಂಬದಿಯೆಲ್ಲ ಊರವರ ಬಟ್ಟೆ ತುಂಬಿತ್ತು, ನನ್ನದು ದೇವರ ಕಣ್ಣಿಗೆ ಬೀಳಲೆಂದು ಮುಂದೆ ಕಟ್ಟಿದೆ. ಮೊದಲನೆಯ ಚಿತ್ರದಲ್ಲಿ ಗಂಟು ಬಿಗಿಯುತ್ತ ನಾನೇ ಇದ್ದೆ. ಅದನ್ನು ಅಳಿಸಿ, ಆಮೇಲೆ ಮಾವನಿಗೆ ತೋರಿಸಿದೆ.