ಮುಂಬಯಿ ನಕ್ಷೆಯ ಮೇಲೆ ಜೋಳ

ಮುಂಬಯಿ, ನವೆಂಬರ್ ೧೯೧೧

ಹಿರಿಯ ಸೊಸೆಗೆ,

ಇಳಕಲ್ಲಿನ ಹನ್ನೆರಡು ಮಗ್ಗದ ಮನೆಯ ಯಜಮಾನಿ, ನಮ್ಮ ಓಣಿಯಲ್ಲಿ ಶಾಲೆ ಕಲಿತ ಒಬ್ಬಳೇ ಹೆಂಗಸು, ನಿನ್ನ ಅತ್ತೆ ಬರೆಯುತ್ತಿದ್ದೇನೆ. ನಿನ್ನೆ ಇಡೀ ಮುಂಬಯಿ ನನ್ನ ಮುಷ್ಟಿಯಲ್ಲಿತ್ತು! ನಮ್ಮ ಅಳಿಯ ಜನ ಎಣಿಸುವ ಖಾನೇಸುಮಾರಿ ಕಚೇರಿಯ ಕಾರಕೂನನಲ್ಲವೇ? ಊರಿನ ನಕ್ಷೆಯನ್ನು ನೆಲಕ್ಕೆ ಹಾಸಿ, ಯಾವ ಭಾಗದಲ್ಲಿ ಎಷ್ಟು ಜನವೆಂದು ಓದುತ್ತಾ ಹೋದ. ನಾನು ಸಾವಿರ ಜನಕ್ಕೊಂದರಂತೆ ಜೋಳದ ಕಾಳು ಇಡುತ್ತಾ ಹೋದೆ. ನಡುವೆ ಒಂದೇ ರಾಶಿಯಾದೀತೆಂದಿದ್ದೆ. ನಾಲ್ಕು ಕಡೆ ಗುಡ್ಡೆ ಬಿದ್ದವು!

ನಾವು ತಂದ ಸೀರೆ ಇಲ್ಲಿ ಮಾರದಿದ್ದರೆ ಮನೆಯ ಮಗ್ಗಗಳು ನಿಲ್ಲುತ್ತವೆ. ಆದರೂ ಇಲ್ಲಿ ಫೋರ್ಟ್ ಎನ್ನುವ ಕೋಟೆ ಭಾಗವೇ ಬೇಕೆಂದು ನಿನ್ನ ಗಂಡನದು ಒಂದೇ ಹಟ: “ಅವ್ವಾ, ದೊಡ್ಡ ದೊಡ್ಡ ಕಟ್ಟಡ ಇರೋದು ಕೋಟ್ಯಾಗ. ಅದ ಊರಿನ ನಡು. ಅಂಗಡಿ ಅಲ್ಲೇ ಹಾಕೂಣು.”

“ಲೇ ಚನಮಲ್ಲಾ, ಇಳಕಲ್ಲಿಗೆ ಒಂದ ಪ್ಯಾಟಿ ಅಂತ ಮುಂಬೈಗೂ ಒಂದ ಏನೋ? ನಿನ್ನ ಕೋಟ್ಯಾಗಿನ ಕಾಳು ಗುಬ್ಬಿ ಹೊಟ್ಟಿಗೂ ಸಾಲಂಗಿಲ್ಲ!” ಎಂದು ಅಳಿಯನ ಎದುರೇ ಬಿದ್ದು ಬಿದ್ದು ನಕ್ಕೆ. ಓಣಿಯಲ್ಲಿ ಹೇಳಬೇಡ.

ಇಲ್ಲಿಗೆ ಬಂದ ಮೇಲೆ ನನ್ನ ಮಂಡಿನೋವು ಇಲ್ಲ; ಟ್ರಾಮಿನಲ್ಲಿ ಎರಡು ಸಲ ಸುಮ್ಮನೆ ಸುತ್ತಿ ಬಂದೆ. ಕಾಳಿನ ಗುಡ್ಡೆ ಬಿದ್ದ ನಾಲ್ಕು ಕಡೆಗಳಲ್ಲಿ ಒಂದಾದ, ಗಿರಣಿ ಕೆಲಸದ ಹೆಂಗಸರೂ ಬಹಳವಿರುವ ಪರಳ ಎಂಬ ಭಾಗದಲ್ಲಿ ಇಂದು ಬೆಳಿಗ್ಗೆ ಅಂಗಡಿ ಹಿಡಿದು, ನೀನು ನೇಯ್ದ ಕೆಂಪು ಸೆರಗಿನ ಸೀರೆಯನ್ನು ಬಾಗಿಲಿಗೆ ಕಟ್ಟಿದ್ದೇನೆ.